ಅಮ್ಮನ ಹತ್ತಿರ ಹೇಳೋಕಾಗದ ಮಾತು

ನಮ್ಮ ಬಡಾವಣೆಯ ಹೆಸರು ಶ್ರೀಗಂಧದ ಕಾವಲ್. ಹೆಸರಿನಲ್ಲೇ ಗಂಧ ಇದೆ, ಕಾವಲೂ ಇದೆ. ಈಗ ಇಲ್ಲಿ ಕಣ್ಣಿಗೆ ಬೀಳೋದು ಮನೆ, ಅಂಗಡಿ, ಗ್ಯಾರೇಜು. ಆದರೂ ಗಂಧದ ಗಿಡದ ಒಂದು ಸಂಗತಿ ತಿಳಿದುಕೊಳ್ಳೋಣ.

ಗಂಧದ ಗಿಡ ಒಂಟಿಯಾಗಿ ಚೆನ್ನಾಗಿ ಬೆಳೆಯಲ್ಲ. ಪಕ್ಕದ ಗಿಡದ ಬೇರಿಗೆ ತನ್ನ ಬೇರು ಅಂಟಿಸಿ ನೀರು, ಸತ್ವ ಹೀರುತ್ತೆ. ಪಕ್ಕದಲ್ಲಿ ಯಾವ ಗಿಡವೂ ಇಲ್ಲದಿದ್ದರೆ ಸೊರಗುತ್ತೆ. ಹತ್ತು ಹದಿನೈದು ವರ್ಷ ಆದ ಮೇಲೆ ಒಳಗೆ ಚೇಗು ಕಟ್ಟುತ್ತೆ. ವಾಸನೆ ಬರೋದು ಆ ಚೇಗಿನಿಂದ. ಕಳ್ಳರ ಕಣ್ಣು ಬೀಳೋದೂ ಆಗಲೇ.

ಹದಿಮೂರರಿಂದ ಹತ್ತೊಂಬತ್ತು ವರ್ಷದ ನಮ್ಮ ಮಕ್ಕಳೂ ಹೀಗೇ. ಈ ವಯಸ್ಸನ್ನು ಹದಿಹರೆಯ ಅಂತಾರೆ. ಮೈ ಬೆಳೆದಿರುತ್ತೆ, ಮನಸ್ಸು ಇನ್ನೂ ಪಕ್ಕದ ಆಸರೆ ಹುಡುಕುತ್ತಿರುತ್ತೆ. ಆ ಆಸರೆ ಯಾರದು ಅನ್ನೋದೇ ಪ್ರಶ್ನೆ.

ಮೈಯಲ್ಲಿ ಏನಾಗುತ್ತೆ?

ಹುಡುಗಿ ಮುಟ್ಟಾಗ್ತಾಳೆ. ಹುಡುಗನ ಗಂಟಲು ಒಡೆಯುತ್ತೆ, ಮೀಸೆ ಚಿಗುರುತ್ತೆ. ಇದು ನಮಗೆಲ್ಲ ಗೊತ್ತು. ಗೊತ್ತಿಲ್ಲದ್ದು ತಲೆಯ ಒಳಗಿನ ವಿಷಯ.

ನಮ್ಮ ಮೆದುಳಿನಲ್ಲಿ ಬೇರೆ ಬೇರೆ ಭಾಗಗಳಿವೆ. ಖುಷಿ, ಕೋಪ, ಆಸೆ ಹುಟ್ಟಿಸುವ ಭಾಗ ಈ ವಯಸ್ಸಿನಲ್ಲಿ ಬೇಗ ಚುರುಕಾಗುತ್ತೆ. ಹಣೆಯ ಹಿಂದೆ ಇರುವ ಭಾಗ 'ತಡಿ, ಯೋಚನೆ ಮಾಡು' ಅಂತ ಹೇಳುವ ಭಾಗ. ಅದು ಪೂರ್ತಿ ಬಲಿಯೋದು 25 ವರ್ಷದ ಹತ್ತಿರ ಹತ್ತಿರ. ಗಾಡಿಗೆ ಇಂಜಿನ್ ಬಂದಿದೆ, ಬ್ರೇಕು ಇನ್ನೂ ಗಟ್ಟಿಯಾಗಿಲ್ಲ ಅಂದುಕೊಳ್ಳಿ. ಸ್ನೇಹಿತರು ಸುತ್ತ ನಿಂತು ನೋಡುತ್ತಿದ್ದರೆ ಆ ಬ್ರೇಕು ಇನ್ನೂ ಸಡಿಲ. ಒಬ್ಬನೇ ಇದ್ದಾಗ ಮಾಡದ ಕೆಲಸವನ್ನು ಹುಡುಗ ನಾಲ್ಕು ಜನರ ಮುಂದೆ ಮಾಡಿಬಿಡ್ತಾನೆ.

ಇನ್ನೊಂದು ಮಾತು. ಈ ವಯಸ್ಸಿನಲ್ಲಿ ನಿದ್ದೆ ಬರುವ ಹೊತ್ತೇ ಹಿಂದಕ್ಕೆ ಸರಿಯುತ್ತೆ. ರಾತ್ರಿ ಹನ್ನೊಂದಾದರೂ ಕಣ್ಣು ಮುಚ್ಚಲ್ಲ, ಬೆಳಗ್ಗೆ ಏಳೋಕಾಗಲ್ಲ. ಅದೆಲ್ಲ ಸೋಮಾರಿತನ ಅಂತ ಬೈಯಬೇಡಿ. ಕೈಯಲ್ಲಿ ಫೋನಿದ್ದರೆ ಮಾತ್ರ ಹನ್ನೊಂದು ಎರಡು ಗಂಟೆ ಆಗುತ್ತೆ. ಅದಕ್ಕೆ ಬೈಯಬಹುದು.

ಒಂದು ಮನೆ

ಒಂದು ಮನೆ ಅಂದುಕೊಳ್ಳೋಣ. ಹೆಸರು ಬೇಡ. ಹೆಸರು ಹಾಕಿದರೆ ಆ ಹೆಸರಿನವರು ನಿಮ್ಮ ಬೀದಿಯಲ್ಲೇ ಇರ್ತಾರೆ.

ತಾಯಿ ಪೀಣ್ಯದ ಕಡೆ ಗಾರ್ಮೆಂಟ್ಸಿನಲ್ಲಿ ಟೈಲರ್. ಬೆಳಗ್ಗೆ ಎಂಟಕ್ಕೆ ಮೊದಲೇ ಮನೆ ಬಿಟ್ಟರೆ ಬರೋದು ಸಂಜೆ ಆರೂವರೆ, ಏಳು. ತಂದೆ ಗೂಡ್ಸ್ ಟೆಂಪೊ ಓಡಿಸ್ತಾನೆ. ಮಗಳಿಗೆ ಹದಿನೇಳು, ಪಿಯುಸಿ. ಮಗನಿಗೆ ಹದಿನೈದು, ಎಸ್ಸೆಸ್ಸೆಲ್ಸಿ. ಒಂದು ರೂಮು, ಒಂದು ಅಡಿಗೆ ಮನೆ.

2020ರಲ್ಲಿ ಕೊರೊನಾ ಬಂತು. ಶಾಲೆ ಮುಚ್ಚಿತು. ಪಾಠ ಫೋನಿನಲ್ಲಿ ಅಂದರು. ಸಾಲ ಮಾಡಿ ಫೋನ್ ತಂದರು. ಆಮೇಲೆ ಶಾಲೆ ತೆರೀತು. ಫೋನ್ ಮಾತ್ರ ಮಕ್ಕಳ ಕೈಯಲ್ಲೇ ಉಳೀತು. ಇದು ಆ ಒಂದು ಮನೆಯ ಕಥೆ ಅಲ್ಲ ಅಂತ ನಿಮಗೂ ಗೊತ್ತು.

ಮಗ ಫೋನಿನಲ್ಲಿ ಆಟ ಆಡ್ತಿದ್ದ. ಒಂದು ದಿನ ಯಾರೋ ಒಂದು ಲಿಂಕ್ ಕಳಿಸಿದರು. ಹತ್ತು ರೂಪಾಯಿ ಕಟ್ಟಿದ, ಐವತ್ತು ಬಂತು. ಹುಡುಗನಿಗೆ ರೆಕ್ಕೆ ಬಂತು. ಮೊದಮೊದಲು ಗೆಲ್ಲಿಸೋದು ಇಂಥ ಆಟದವರ ಉಪಾಯ. ಆಮೇಲೆ ಸೋತ. ಸೋತದ್ದನ್ನು ವಾಪಸ್ ಪಡೆಯೋಕೆ ಇನ್ನಷ್ಟು ಕಟ್ಟಿದ. ಅಮ್ಮನ ಫೋನಿಗೆ ದುಡ್ಡು ಕಳಿಸುವ ಪಿನ್ ನಂಬರು ಹಾಕಿಕೊಟ್ಟವನೇ ಅವನು. ಚೀಟಿಗೆ ಅಂತ ಇಟ್ಟಿದ್ದ 1,500 ರೂಪಾಯಿ ಮೂರು ದಿನದಲ್ಲಿ ಹೋಯ್ತು.

ಅಪ್ಪನಿಗೆ ಗೊತ್ತಾದರೆ ಬೆಲ್ಟ್ ತಗೋತಾನೆ. ಹುಡುಗ ನಡುಗಿದ. ಬೀದಿ ಕೊನೆಯಲ್ಲಿ ಕೂರುವ ಒಬ್ಬ ದೊಡ್ಡ ಹುಡುಗ ಇದ್ದ. ಎಲ್ಲರೂ ಅವನನ್ನು 'ಅಣ್ಣ' ಅಂತಿದ್ದರು. ಅವನು 2,000 ರೂಪಾಯಿ ಕೊಟ್ಟ.

"ತಗೋ ಮಗಾ, ನಿಧಾನಕ್ಕೆ ಕೊಡು" ಅಂದ.

ಮುಂದಿನ ವಾರ ಅವನೇ ಒಂದು ಕವರ್ ಕೊಟ್ಟು, "ಇದನ್ನ ಸರ್ಕಲ್ ಹತ್ರ ಒಬ್ಬರಿಗೆ ಕೊಟ್ಟು ಬಾ" ಅಂದ. ಹುಡುಗ ಹಿಂದೆ ಮುಂದೆ ನೋಡಿದ. "ಆಗಲ್ವಾ? ಸರಿ, ನಿಮ್ಮಪ್ಪನ ಹತ್ರಾನೇ ದುಡ್ಡು ಕೇಳ್ತೀನಿ ಬಿಡು" ಅಂದ.

ಹುಡುಗ ಕವರ್ ತಗೊಂಡು ಹೋದ. ಅದರಲ್ಲಿ ಗಾಂಜಾ ಇತ್ತು.

ಅಕ್ಕಂದಿರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಆ ಹುಡುಗನನ್ನು ಕಟ್ಟಿಹಾಕಿದ್ದು ಯಾವುದು? ಎರಡು ಸಾವಿರ ರೂಪಾಯಿ ಸಾಲವನ್ನು ಅವನ ತಾಯಿ ಹೇಗೋ ತೀರಿಸ್ತಾಳೆ. ಕೂಲಿ ಮಾಡಿ ಎಷ್ಟೋ ಸಾಲ ತೀರಿಸಿದವಳು ಅವಳು. ಅವನನ್ನು ಕಟ್ಟಿಹಾಕಿದ್ದು 'ನಿಮ್ಮಪ್ಪನಿಗೆ ಹೇಳ್ತೀನಿ' ಅನ್ನೋ ಮಾತು. ಮನೆಯಲ್ಲಿ ಹೇಳೋಕೆ ಭಯ ಇರುವ ತನಕ ಬೀದಿಯ ಅಣ್ಣನ ಕೈಯಲ್ಲಿ ಹಗ್ಗ ಇರುತ್ತೆ. ಗಾಂಜಾ ಆಗಲಿ, ಜೂಜಾಗಲಿ, ಕೆಟ್ಟ ಫೋಟೊ ಆಗಲಿ, ಮಕ್ಕಳನ್ನು ಹಿಡಿಯೋರೆಲ್ಲ ಈ ಒಂದು ಹಗ್ಗವನ್ನೇ ಹಿಡೀತಾರೆ.

ಆ ತಾಯಿ ಏನು ಮಾಡಿದಳು?

ಅವಳಿಗೆ ಮೊದಲು ಗೊತ್ತಾಗಿದ್ದು ಊಟದಿಂದ. ಮುದ್ದೆ ಅಂದರೆ ಪ್ರಾಣ ಬಿಡೋ ಹುಡುಗ ತಟ್ಟೆ ಮುಂದೆ ಸುಮ್ಮನೆ ಕೂತಿದ್ದ. ಫೋನ್ ಬಂದರೆ ಹೊರಗೆ ಓಡ್ತಿದ್ದ. ಹಳೇ ಸ್ನೇಹಿತರು ಮನೆಗೆ ಬರೋದು ನಿಂತಿತ್ತು.

ಅವಳು ಎದುರಿಗೆ ಕೂರಿಸಿಕೊಂಡು ವಿಚಾರಣೆ ಮಾಡಲಿಲ್ಲ. ರಾತ್ರಿ ಪಾತ್ರೆ ತೊಳೆಯುವಾಗ ನೀರು ಹಾಕು ಬಾ ಅಂತ ಕರೆದಳು. ಮುಖ ಮುಖ ನೋಡದೆ, ಕೈ ಕೆಲಸ ಮಾಡ್ತಾ ಇದ್ದರೆ ಈ ವಯಸ್ಸಿನ ಮಕ್ಕಳಿಗೆ ಬಾಯಿ ಬರುತ್ತೆ.

"ಏನೋ ಮಗಾ, ಊಟ ಸೇರ್ತಿಲ್ವಾ?"

"ಏನಿಲ್ಲ ಬಿಡಮ್ಮ."

"ಏನಾದ್ರೂ ಸಿಕ್ಕಾಕೊಂಡಿದ್ರೆ ಹೇಳು. ದುಡ್ಡಾದ್ರೆ ದುಡ್ಡು. ನಾನು ಹೊಡಿಯಲ್ಲ. ಅಪ್ಪನ ಹತ್ರ ನಾನು ಮಾತಾಡ್ತೀನಿ."

ಆವತ್ತು ಅವನು ಹೇಳಲಿಲ್ಲ. ಮಾರನೆ ದಿನವೂ ಇಲ್ಲ. ಮೂರನೇ ರಾತ್ರಿ ಹೇಳಿದ. ಹೇಳುವಾಗ ಅತ್ತ.

ಅವಳಿಗೂ ಕೋಪ ಬಂತು. ಚೀಟಿ ದುಡ್ಡು ಹೋದರೆ ಯಾರಿಗೆ ಬರಲ್ಲ? ಆದರೆ ಹೊಡೆಯಲ್ಲ ಅಂತ ಮಾತು ಕೊಟ್ಟಿದ್ದಳು. ಒಂದು ಸಲ ಮಾತು ತಪ್ಪಿದರೆ ಮಗ ಇನ್ನೊಂದು ಸಲ ಬಾಯಿ ಬಿಡಲ್ಲ. ಅವಳು 1098ಕ್ಕೆ ಫೋನ್ ಮಾಡಿದಳು. ಇದು ಮಕ್ಕಳ ಸಹಾಯವಾಣಿ. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ. 1996ರಲ್ಲಿ ಮುಂಬಯಿಯಲ್ಲಿ ಶುರುವಾದ ಈ ನಂಬರನ್ನು 2023ರಿಂದ ಸರ್ಕಾರವೇ ನಡೆಸುತ್ತಿದೆ.

ಇಲ್ಲಿ ಒಂದು ಕಾನೂನು ತಿಳಿದಿರಲಿ. ಮಕ್ಕಳ ನ್ಯಾಯ ಕಾಯಿದೆ 2015ರದ್ದು. ಮಕ್ಕಳಿಗೆ ಹೆಂಡ, ಗಾಂಜಾ, ತಂಬಾಕು ಕೊಟ್ಟವರಿಗೆ 7 ವರ್ಷದ ತನಕ ಜೈಲು, ಒಂದು ಲಕ್ಷ ರೂಪಾಯಿ ತನಕ ದಂಡ. ಮಕ್ಕಳ ಕೈಯಲ್ಲಿ ಅಂಥದ್ದನ್ನು ಸಾಗಿಸಿದವರಿಗೂ ಅಷ್ಟೇ ಶಿಕ್ಷೆ. 18 ತುಂಬದ ಹುಡುಗ ಸಿಕ್ಕಿಬಿದ್ದರೂ ಅವನನ್ನು ಠಾಣೆಯ ಲಾಕಪ್ಪಿನಲ್ಲಿ ಹಾಕುವಂತಿಲ್ಲ, ದೊಡ್ಡವರ ಜೈಲಿಗೆ ಕಳಿಸುವಂತಿಲ್ಲ. 'ಪೊಲೀಸರು ನಿನ್ನನ್ನೇ ಒಳಗೆ ಹಾಕ್ತಾರೆ' ಅಂತ ಹೆದರಿಸುವ ಅಣ್ಣಂದಿರಿಗೆ ಈ ಕಾನೂನು ಚೆನ್ನಾಗಿ ಗೊತ್ತಿರುತ್ತೆ. ಅದಕ್ಕೇ ಅವರು ಚಿಕ್ಕವರನ್ನು ಮುಂದೆ ಬಿಡೋದು.

ದುಡ್ಡು ಕಟ್ಟಿ ಆಡುವ ಫೋನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಕಾನೂನು ಮಾಡಿ ನಿಷೇಧಿಸಿತು. ಅದರಲ್ಲಿ ಶಿಕ್ಷೆ ಇರೋದು ಆಡಿಸುವವರಿಗೆ, ಜಾಹೀರಾತು ಕೊಡುವವರಿಗೆ. ಆಡಿ ಸೋತವರಿಗಲ್ಲ. ಹಾಗಾಗಿ ದೂರು ಕೊಡೋಕೆ ಹೆದರಬೇಕಿಲ್ಲ. ಫೋನಿನಿಂದ ಮೋಸವಾಗಿ ದುಡ್ಡು ಹೋದರೆ 1930ಕ್ಕೆ ತಕ್ಷಣ ಹೇಳಬೇಕು. ತಡ ಮಾಡಿದಷ್ಟೂ ದುಡ್ಡು ಕೈ ದಾಟುತ್ತೆ. ಆಟದ ಚಟ ಬಿಡೋಕೇ ಆಗ್ತಿಲ್ಲ ಅಂದರೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯವರು 2014ರಲ್ಲೇ ಇದಕ್ಕೆ ಅಂತ ಬೇರೆ ಕ್ಲಿನಿಕ್ ತೆರೆದಿದ್ದಾರೆ. ಹುಚ್ಚಾಸ್ಪತ್ರೆ ಅಂತ ಮೂಗು ಮುರಿಯಬೇಡಿ. ಚಟವೂ ಒಂದು ಕಾಯಿಲೆ.

ಅಂಗಡಿ ಮುಂದಿನ ಪೊಟ್ಟಣ

ಗುಟ್ಕಾವನ್ನು ಕರ್ನಾಟಕದಲ್ಲಿ 2013ರಲ್ಲಿ ನಿಷೇಧ ಮಾಡಿದರು. ಮಾಡಿದ ಮೇಲೆ ಏನಾಯ್ತು? ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ. ಎರಡನ್ನೂ ಬೆರೆಸಿ ಬಾಯಿಗೆ ಹಾಕ್ತಾರೆ. ಹುಡುಗ ಬಾಯಿ ದೊಡ್ಡದಾಗಿ ತೆರೆಯೋಕೆ ಕಷ್ಟಪಟ್ಟರೆ, ಖಾರ ತಿಂದರೆ ಉರಿ ಅಂದರೆ, ಒಳಗೆ ಬಿಳಿ ಕಲೆ ಇದ್ದರೆ ತಕ್ಷಣ ಡಾಕ್ಟರಿಗೆ ತೋರಿಸಿ. ಬಾಯಿ ಕ್ಯಾನ್ಸರಿಗೆ ಅದು ಮುಂಚಿನ ಸೂಚನೆ ಇರಬಹುದು. 2025ರಿಂದ ನಮ್ಮ ರಾಜ್ಯದಲ್ಲಿ 21 ವರ್ಷ ತುಂಬದವರಿಗೆ ಬೀಡಿ, ಸಿಗರೇಟು, ತಂಬಾಕು ಮಾರುವಂತಿಲ್ಲ. ಶಾಲೆಯ ನೂರು ಗಜದ ಒಳಗೆ ಯಾರಿಗೂ ಮಾರುವಂತಿಲ್ಲ.

ಪಂಕ್ಚರ್ ಹಾಕುವ ಸಲ್ಯೂಷನ್, ವೈಟ್ನರ್ ಇವನ್ನು ಮೂಸುವ ಮಕ್ಕಳೂ ಇದ್ದಾರೆ. ಅಗ್ಗ, ಎಲ್ಲಾ ಕಡೆ ಸಿಗುತ್ತೆ. ಬಟ್ಟೆಯಲ್ಲಿ ಪೇಂಟಿನ ಥರ ವಾಸನೆ, ಕೆಂಪು ಕಣ್ಣು, ಮೂಗಿನ ಸುತ್ತ ಗುಳ್ಳೆ. ಇಂಥದ್ದು ಕಂಡರೆ ಸುಮ್ಮನಿರಬೇಡಿ. ಇದನ್ನು ಮೂಸಿ ಮೊದಲ ಸಲವೇ ಹೃದಯ ನಿಂತು ಸತ್ತವರಿದ್ದಾರೆ.

ಅಪ್ಪಂದಿರ ಮಾತೂ ಆಡಲೇಬೇಕು. ಮಕ್ಕಳು ಕೆಟ್ಟರೆ ತಾಯಿಗೆ ಬೈಯೋದು, ಬುದ್ಧಿಮಾತನ್ನೂ ತಾಯಿಗೇ ಹೇಳೋದು ನಮ್ಮಲ್ಲಿ ರೂಢಿ. ಬಾಟಲಿ ತರೋಕೆ, ಬೀಡಿ ತರೋಕೆ ಮಗನನ್ನೇ ಅಂಗಡಿಗೆ ಕಳಿಸುವ ಅಪ್ಪ ಮಗನಿಗೆ ಏನು ಕಲಿಸಿದ ಹಾಗಾಯ್ತು? ಈ ಪಾಠವನ್ನು ಮನೆಯಲ್ಲಿ ಅವರಿಗೂ ಗಟ್ಟಿಯಾಗಿ ಓದಿ ಹೇಳಿ. ಓದೋಕೆ ಬರುತ್ತಲ್ಲ ಈಗ!

ಮಗಳ ಫೋನು

ಅದೇ ಮನೆಯ ಮಗಳಿಗೆ ಬರೋಣ. ಅವಳಿಗೆ ಇನ್‌ಸ್ಟಾಗ್ರಾಮಿನಲ್ಲಿ ಇಪ್ಪತ್ತು ವರ್ಷದ ಒಬ್ಬ ಹುಡುಗನ ಪರಿಚಯ ಆಯ್ತು. ದಿನಾ ಮಾತು. 'ಊಟ ಆಯ್ತಾ?' ಅಂತ ಕೇಳ್ತಾನೆ. ಮನೆಯಲ್ಲಿ ಆ ಮಾತು ಕೇಳೋಕೆ ಯಾರಿಗೂ ಪುರಸೊತ್ತಿಲ್ಲ. ಅವಳಿಗೆ ಅವನು ದೇವರ ಹಾಗೆ ಕಂಡ.

ಪಕ್ಕದ ಮನೆಯವರು ತಾಯಿಯ ಕಿವಿಗೆ ಹಾಕಿದರು. ತಾಯಿಗೆ ಭೂಮಿ ಬಾಯಿ ಬಿಟ್ಟ ಹಾಗಾಯ್ತು. ಅವಳ ತಲೆಗೆ ಬಂದ ಮೊದಲ ಯೋಚನೆ, 'ನನ್ನ ತಮ್ಮನಿಗೇ ಕೊಟ್ಟು ಮದುವೆ ಮಾಡಿಬಿಡೋಣ, ಮಾನ ಉಳಿಯುತ್ತೆ.' ಇದು ತುಂಬಾ ತಾಯಂದಿರಿಗೆ ಬರುವ ಯೋಚನೆ. ಬಂದ ತಪ್ಪೇನೂ ಇಲ್ಲ. ಮಾಡಿದರೆ ತಪ್ಪು.

ಹುಡುಗಿಗೆ 18, ಹುಡುಗನಿಗೆ 21 ತುಂಬದೆ ಮದುವೆ ಮಾಡುವಂತಿಲ್ಲ. ಕರ್ನಾಟಕದಲ್ಲಿ 2017ರಿಂದ ಈಚೆಗೆ ನಡೆದ ಬಾಲ್ಯವಿವಾಹಕ್ಕೆ ಮದುವೆ ಅನ್ನೋ ಬೆಲೆಯೇ ಇಲ್ಲ. ತಾಳಿ ಕಟ್ಟಿದರೂ ಕಾನೂನಿನ ಕಣ್ಣಿಗೆ ಅದು ಮದುವೆ ಅಲ್ಲ. 18 ತುಂಬದ ಹೆಂಡತಿ ಜೊತೆ ಗಂಡ ಕೂಡಿದರೂ ಅದು ಅತ್ಯಾಚಾರವೇ ಅಂತ ಸುಪ್ರೀಂ ಕೋರ್ಟು 2017ರ ಅಕ್ಟೋಬರಿನಲ್ಲಿ ಹೇಳಿದೆ. ಮಾನ ಉಳಿಸೋಕೆ ಹೋಗಿ ತಮ್ಮನನ್ನು ಜೈಲಿಗೆ, ಮಗಳನ್ನು ಬಾಣಂತಿತನಕ್ಕೆ ಕಳಿಸಿದ ಹಾಗಾಗುತ್ತೆ. ಹದಿನೇಳರ ಮೈ ಹೆರಿಗೆಗೆ ಬಲಿತಿರಲ್ಲ. ಮೊದಲೇ ರಕ್ತ ಕಮ್ಮಿ ಇದ್ದರೆ ತಾಯಿ ಮಗು ಇಬ್ಬರಿಗೂ ಅಪಾಯ.

ಗಂಡು ಮಕ್ಕಳ ತಾಯಂದಿರು ಇದನ್ನು ಎರಡು ಸಲ ಓದಿ. ಪೋಕ್ಸೊ ಅನ್ನೋ ಕಾನೂನು 2012ರಲ್ಲಿ ಬಂತು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾನೂನು ಅದು. 18 ತುಂಬದ ಹುಡುಗಿ ತಾನಾಗಿ ಒಪ್ಪಿದೆ ಅಂದರೂ ಆ ಒಪ್ಪಿಗೆ ಲೆಕ್ಕಕ್ಕಿಲ್ಲ. ಅವಳ ಜೊತೆ ಕೂಡಿದ ಹುಡುಗನಿಗೆ ಕಡಿಮೆ ಅಂದರೂ 10 ವರ್ಷ ಜೈಲು. ಅವಳಿಗೆ 16 ತುಂಬಿರದಿದ್ದರೆ 20 ವರ್ಷ. ಪ್ರೀತಿ ಮಾಡಿ ಊರು ಬಿಟ್ಟು ಓಡಿದ ಹತ್ತೊಂಬತ್ತರ ಹುಡುಗರು ಹೀಗೆ ಜೈಲು ಸೇರಿದ್ದಾರೆ. ಇಂಥದ್ದೇ ಒಂದು ಕೇಸಿನಲ್ಲಿ 2022ರ ನವೆಂಬರಿನಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ, ಈ ವಯಸ್ಸಿನ ಮಿತಿಯನ್ನು ಇನ್ನೊಮ್ಮೆ ಯೋಚಿಸಿ ಅಂತ ಕಾನೂನು ಆಯೋಗಕ್ಕೆ ಹೇಳಿತು. ಒಂಬತ್ತನೇ ತರಗತಿಯಿಂದಲೇ ಮಕ್ಕಳಿಗೆ ಈ ಕಾನೂನು ತಿಳಿಸೋಕೆ ಏರ್ಪಾಡು ಮಾಡಿ ಅಂತಲೂ ಹೇಳಿತು. ಆಯೋಗ ಯೋಚಿಸಿ, 2023ರಲ್ಲಿ 18 ವರ್ಷವೇ ಇರಲಿ ಅಂದಿತು. ಹಾಗಾಗಿ ಕಾನೂನು ಇವತ್ತಿಗೂ ಬಿಗಿಯಾಗಿದೆ. ಪ್ರೀತಿ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಹದಿನೇಳರಲ್ಲಿ ಪ್ರೀತಿ ಹುಟ್ಟೋದು ಸಹಜ. ಕಾಯೋಕೆ ಹೇಳಬೇಕು. ಆ ಮಾತು ಹೇಳಬೇಕಾದರೆ ಮೊದಲು ಅವಳ ಮಾತು ಕೇಳಬೇಕು.

ಇನ್ನು ಆ ಹುಡುಗ ಒಳ್ಳೆಯವನಲ್ಲದಿದ್ದರೆ? ಒಂದು ಫೋಟೊ ಕಳಿಸು ಅಂತಾನೆ. ಕಳಿಸಿದ ಮೇಲೆ, 'ನಾನು ಹೇಳಿದ ಕಡೆ ಬಾ, ಇಲ್ಲಾಂದ್ರೆ ಎಲ್ಲರಿಗೂ ಹಾಕ್ತೀನಿ, ನಿಮ್ಮಮ್ಮನಿಗೂ ಕಳಿಸ್ತೀನಿ' ಅಂತಾನೆ. ನೋಡಿ, ಮತ್ತೆ ಅದೇ ಹಗ್ಗ. ಬೀದಿಯ ಅಣ್ಣ ಹಿಡಿದಿದ್ದ ಹಗ್ಗ. ಈ ಭಯದಿಂದ ಕೆಲವು ಹುಡುಗಿಯರು ಪ್ರಾಣಕ್ಕೇ ಕೈ ಹಾಕಿಕೊಳ್ತಾರೆ. 'ಫೋಟೊ ಹೋದ್ರೆ ಹೋಯ್ತು, ನೀನು ಇದ್ದೀಯಲ್ಲ ಚಿನ್ನ' ಅಂತ ತಾಯಿ ಹೇಳಿಬಿಟ್ಟರೆ ಅವನ ಕೈಯಲ್ಲಿ ಏನೂ ಉಳಿಯಲ್ಲ.

ಆಗ ಮಾಡಬೇಕಾದ್ದು ಇಷ್ಟು. ಅವನಿಗೆ ದುಡ್ಡು ಕೊಡಬೇಡಿ. ಅವನ ಮೆಸೇಜುಗಳನ್ನು ಅಳಿಸಬೇಡಿ, ಅವೇ ಸಾಕ್ಷಿ. 1098 ಅಥವಾ 112ಕ್ಕೆ ಫೋನ್ ಮಾಡಿ. ಠಾಣೆಗೆ ಹೋದರೆ ಊರೆಲ್ಲ ಗೊತ್ತಾಗುತ್ತೆ ಅನ್ನೋ ಹೆದರಿಕೆ ಎಲ್ಲರಿಗೂ ಇದೆ. ಅದಕ್ಕೂ ಕಾನೂನಿನಲ್ಲಿ ದಾರಿ ಇದೆ. ಪೊಲೀಸರು ಹುಡುಗಿಯ ಹೇಳಿಕೆಯನ್ನು ಅವಳ ಮನೆಯಲ್ಲೋ ಅವಳು ಹೇಳಿದ ಜಾಗದಲ್ಲೋ ಪಡೀಬೇಕು. ಯೂನಿಫಾರಂ ಹಾಕಿಕೊಂಡು ಬರುವಂತಿಲ್ಲ. ಆದಷ್ಟು ಮಟ್ಟಿಗೆ ಹೆಣ್ಣು ಅಧಿಕಾರಿಯೇ ಬರೆದುಕೊಳ್ಳಬೇಕು. ರಾತ್ರಿ ಹೊತ್ತು ಹುಡುಗಿಯನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಅವಳ ಹೆಸರು, ಫೋಟೊ, ಶಾಲೆ, ಬೀದಿ ಯಾವುದನ್ನೂ ಪೇಪರಿನಲ್ಲಿ, ಟಿವಿಯಲ್ಲಿ ಹಾಕುವಂತಿಲ್ಲ. ಠಾಣೆಗೆ ಹೋದಾಗ ಇವನ್ನೆಲ್ಲ ನಾವೇ ಕೇಳಬೇಕಾಗಿ ಬರಬಹುದು. ಈ ಪುಸ್ತಕ ಜೊತೆಗೆ ತಗೊಂಡು ಹೋಗಿ.

ಉಳಿದ ಒಂದೆರಡು ಮಾತು

ಗಾಡಿ. ಸಂಜೆ ಮಾಗಡಿ ರಸ್ತೆಯಲ್ಲಿ ನಿಂತು ನೋಡಿದರೆ ಮೂರು ಮೂರು ಹುಡುಗರು ಒಂದೇ ಬೈಕಿನಲ್ಲಿ, ತಲೆಗೆ ಹೆಲ್ಮೆಟ್ಟಿಲ್ಲದೆ ಹೋಗ್ತಾರೆ. 2019ರಲ್ಲಿ ತಿದ್ದಿದ ಕಾನೂನಿನ ಪ್ರಕಾರ 18 ತುಂಬದವನು ಗಾಡಿ ಓಡಿಸಿ ತಪ್ಪು ಮಾಡಿದರೆ ಜೈಲು, 25,000 ರೂಪಾಯಿ ದಂಡ ಗಾಡಿ ಕೊಟ್ಟ ಅಪ್ಪ ಅಮ್ಮನಿಗೆ ಅಥವಾ ಮಾಲೀಕರಿಗೆ. ಹುಡುಗನಿಗೆ 25 ವರ್ಷ ಆಗೋ ತನಕ ಲೈಸೆನ್ಸ್ ಇಲ್ಲ.

ಪರೀಕ್ಷೆ. ರಿಸಲ್ಟ್ ಬಂದ ದಿನ ಫೇಲಾದ ಮಗುವನ್ನು ಒಂಟಿಯಾಗಿ ಬಿಡಬೇಡಿ. ಆ ಒಂದು ದಿನ ಕೆಲಸಕ್ಕೆ ರಜೆ ಹಾಕಿ, ಸಂಬಳ ಹೋದರೂ ಹೋಗಲಿ. ಎಸ್ಸೆಸ್ಸೆಲ್ಸಿ ಆಗಲಿ ಪಿಯುಸಿ ಆಗಲಿ, ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಬಹುದು. 'ಸಾಯ್ತೀನಿ' ಅಂತ ಮಗು ಒಂದು ಸಲ ಅಂದರೂ ಅದನ್ನು ನಾಟಕ ಅನ್ನಬೇಡಿ. 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ನಂಬರು ಅದು. ದುಡ್ಡಿಲ್ಲ, ಯಾವ ಹೊತ್ತಿಗೆ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು.

ಮೈಯಲ್ಲಿ ಆಗುವ ಬದಲಾವಣೆ, ಮುಟ್ಟಿನ ತೊಂದರೆ, ಹುಡುಗರ ಗುಟ್ಟಿನ ಸಂಶಯ ಇಂಥದ್ದನ್ನು ಕೇಳೋಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಅಂತ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಹತ್ತಿರದ್ದು ಯಾವುದು ಅಂತ ಹೇಳ್ತಾರೆ. ತಾಯಿ ಹತ್ತಿರ ಕೇಳೋಕೆ ನಾಚಿಕೆ ಆದರೆ ಅಲ್ಲಿ ಕೇಳಲಿ.

1098, 112, 1930, 14416. ಈ ನಾಲ್ಕು ನಂಬರನ್ನು ನಿಮ್ಮ ಕೈಯಿಂದಲೇ ಬರೆದು ಗೋಡೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿ. ದೊಡ್ಡದಾಗಿ ಬರೀರಿ. ಮಕ್ಕಳಿಗೂ ಕಾಣಲಿ.

ಆ ಮನೆಯ ತಾಯಿ ಈಗ ಏನು ಮಾಡ್ತಾಳೆ ಗೊತ್ತಾ? ಬ್ಯಾಂಕಿನಿಂದ ಮೆಸೇಜು ಬಂದರೆ ತಾನೇ ಓದ್ತಾಳೆ. ಅಕ್ಷರ ಇಂಗ್ಲಿಷಿನದು ಇರುತ್ತೆ. ಆದರೆ ಎಷ್ಟು ಹೋಯ್ತು, ಎಷ್ಟು ಉಳೀತು ಅನ್ನೋ ಅಂಕಿ ಓದೋಕೆ ಬರುತ್ತೆ. ರಾತ್ರಿ ಹತ್ತಕ್ಕೆ ಮನೆಯ ಫೋನುಗಳೆಲ್ಲ ಅಡಿಗೆ ಮನೆಯ ಅಕ್ಕಿ ಡಬ್ಬದ ಮೇಲೆ ಬಂದು ಕೂರುತ್ತವೆ. ಅಪ್ಪನ ಫೋನೂ ಅಲ್ಲೇ. ಪಿನ್ ನಂಬರನ್ನು ಅವಳೇ ಕಲಿತು ಬದಲಾಯಿಸಿದಳು. "ಎಷ್ಟಮ್ಮ ಹೊಸ ನಂಬರು?" ಅಂತ ಮಗ ಕೇಳಿದ.

"ಬಾ, ಪಾತ್ರೆಗೆ ನೀರು ಹಾಕು" ಅಂದಳು.